ಸಾರಿಗೆ ಇನ್ನೊಂದು ಲೋಟ ನೀರು

ಪಾಂಡವಪುರದಲ್ಲಿ ಸಂಜೆ ಏಳರ ಮೇಲೆ ಬೀದಿಯಲ್ಲಿ ಎದುರಾದವರು ‘ಚೆನ್ನಾಗಿದ್ದೀರಾ’ ಎಂದು ಕೇಳುವುದು ಕಡಿಮೆ. ‘ಉಂಡ್ರಾ?’ ಎನ್ನುತ್ತಾರೆ. ಆಯಿತು ಎಂದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ: ‘ಏನ್ ಸಾರು?’ ನಮ್ಮ ಬಿಜಾಪುರದ ಕಡೆಯೂ ‘ಊಟ ಆತೇನ್ರಿ’ ಎನ್ನುವುದುಂಟು. ಆದರೆ ವಿಚಾರಣೆ ಸಾರಿನ ಹೆಸರು, ಅದಕ್ಕೆ ಹಾಕಿದ ಕಾಳು, ಸೊಪ್ಪು ಯಾರ ಹೊಲದ್ದು ಎಂಬುದರ ತನಕ ಹೋಗುವುದನ್ನು ನಾವು ಇಲ್ಲಿಗೆ ಬಂದ ಮೇಲೆಯೇ ಕಂಡದ್ದು. 2008ರ ಜೂನ್ ತಿಂಗಳಲ್ಲಿ, ನಮ್ಮ ಮನೆಯವರಿಗೆ ವರ್ಗವಾಗಿ, ಎರಡು ಟ್ರಂಕು, ಒಂದು ರೊಟ್ಟಿ ಹಂಚು, ಒಂದು ಚೀಲ ಜೋಳದೊಂದಿಗೆ ನಾವು ಈ ಊರಿನ ಒಂದು ಓಣಿಯಲ್ಲಿ ಬಂದಿಳಿದಾಗ ಈ ಪ್ರಶ್ನೆ ನಮಗೆ ಇರಿಸುಮುರಿಸು ತಂದಿತ್ತು. ಹೊಸ ಜಾಗದಲ್ಲಿ, ಹೊಸ ಜನರ ನಡುವೆ, ನಮ್ಮ ಒಲೆಯ ಮೇಲೆ ಏನಿದೆ ಎಂದು ಕೇಳುವವರಿಗೆ ಏನುತ್ತರ ಕೊಡುವುದು? ಪ್ರಶ್ನೆಯ ಹಿಂದೆ ಇನ್ನೇನೋ ಪ್ರಶ್ನೆ ಇರಬಹುದೆಂದು ಗುಮಾನಿ ಪಡುವುದು ನಮ್ಮಂಥವರಿಗೆ ಎಳವೆಯಿಂದಲೇ ಅಂಟಿದ ರೋಗ.

ಮೂರನೆಯ ದಿನ ಗೋಡೆಯಾಚೆಯ ಅಜ್ಜಿ ಒಂದು ತಟ್ಟೆಯಲ್ಲಿ ಬಿಸಿ ಮುದ್ದೆ, ಒಂದು ಬಟ್ಟಲಲ್ಲಿ ಬಸ್ಸಾರು ತಂದು ನಮ್ಮ ಮುಂದಿಟ್ಟು, ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತರು. ತಿನ್ನುವುದನ್ನು ನೋಡಿಯೇ ಹೋಗುವ ತೀರ್ಮಾನ ಅವರ ಕೂರುವ ಭಂಗಿಯಲ್ಲಿತ್ತು. ನಾವು ಮುದ್ದೆ ಮುರಿದು ಬಾಯಿಗಿಟ್ಟು ಅಗಿಯತೊಡಗಿದೆವು. ಅಗಿದಷ್ಟೂ ಅದು ಹಲ್ಲಿಗೆ, ಅಂಗುಳಿಗೆ ಮೆತ್ತಿಕೊಂಡಿತು. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ‘ಅಯ್ಯೋ ನಮ್ಮವ್ವ, ಇಟ್ಟ ಯಾರಾದ್ರೂ ಅಗೀತಾರಾ? ಸಾರಲ್ಲಿ ಅದ್ದಿ ನುಂಗ್ಬೇಕು ಕನ ಮಗಾ!’ ನುಂಗಿದೆವು. ಗಂಟಲಲ್ಲಿ ಒಂದು ಬಿಸಿ ಉಂಡೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಅದು ಸಾರಿನ ಖಾರಕ್ಕೆ ಎಂದು ಹೇಳಿದೆವು.

ಆ ದಿನ ನಮಗೆ ತಿಳಿದ ಒಂದು ಸಂಗತಿ ಹೇಳಬೇಕು. ಈ ಊರಿನಲ್ಲಿ ನಮ್ಮನ್ನು ಮೊದಲು ಗುರುತಿಸುವುದು ‘ಸಾಬರು’ ಎಂದೇ ಇರಬಹುದೆಂದು ನಾವು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆವು. ಹಾಗಾಗಲಿಲ್ಲ. ನಾವು ‘ಬಿಜಾಪುರದೋರು’, ‘ರೊಟ್ಟಿ ತಟ್ಟೋರು’ ಆದೆವು. ಅದೇ ಓಣಿಯ ಕೊನೆಯಲ್ಲಿ ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದವರೊಬ್ಬರ ಕುಟುಂಬವಿತ್ತು. ನಮ್ಮಂತೆಯೇ ನಮಾಜು, ರೋಜಾ ಇದ್ದವರು. ಆ ಮನೆಯ ಖಾಲಾ ಅಜ್ಜಿಗಿಂತ ಜೋರಾಗಿ ನಕ್ಕರು. ಅವರ ಮನೆಯಲ್ಲಿ ರಾತ್ರಿ ಮುದ್ದೆ ಇಲ್ಲದಿದ್ದರೆ ಗಂಡಸರಿಗೆ ನಿದ್ದೆ ಬಾರದು. ಅವರ ಉರ್ದುವಿಗೂ ನಮ್ಮ ಉರ್ದುವಿಗೂ ನಡುವೆ ಆರುನೂರು ಕಿಲೋಮೀಟರಿನ ದೂರವಿತ್ತು; ನಾವು ಆಡಿದ ಕೆಲವು ಮಾತಿಗೆ ಅವರು ‘ಕ್ಯಾ ಬೋಲ್ರೈಂ ಮಾ?’ ಎಂದು ಎರಡೆರಡು ಸಲ ಕೇಳುತ್ತಿದ್ದರು. ಅಜ್ಜಿಗೂ ಖಾಲಾಗೂ ನಡುವೆ ದೇವರು ಬೇರೆ, ಸಾರು ಒಂದೇ. ನಮಗೂ ಖಾಲಾಗೂ ನಡುವೆ ದೇವರು ಒಬ್ಬನೇ, ಸಾರು ಬೇರೆ. ಸಂಜೆಯ ಊಟದ ಹೊತ್ತಿಗೆ ಖಾಲಾ ಅಜ್ಜಿಯ ಕಡೆಯವರು, ನಾವು ಹೊರಗಿನವರು. ಹೊರಗಿನವರು ಎಂಬುದು ಒಂದೇ ಗೆರೆಯಲ್ಲ, ಹಲವು ಗೆರೆಗಳ ಜಾಲ ಎಂದು ಪುಸ್ತಕದಲ್ಲಿ ಓದಿದ್ದೆವು. ಅದು ಗಂಟಲಲ್ಲಿ ಇಳಿದದ್ದು ಮುದ್ದೆಯ ಜೊತೆಗೆ.

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿದೆ. ಪದ ಬಿಡಿಸಿದರೆ ಬೇರೆ ದೇಶದವನು ಎಂದಷ್ಟೇ ಅರ್ಥ. ಆದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಇಲ್ಲದವನಿಗೆ, ಕೇಳುವವರಿಲ್ಲದ ಅನಾಥನಿಗೆ ‘ಪರದೇಶಿ’ ಎನ್ನುತ್ತಾರೆ. ಹೊರಗಿನವನಾಗುವುದೂ ದಿಕ್ಕಿಲ್ಲದವನಾಗುವುದೂ ಒಂದೇ ಎಂದು ಈ ಭಾಷೆ ಯಾವಾಗಲೋ ತೀರ್ಮಾನಿಸಿಬಿಟ್ಟಿದೆ. ನಾವು ಐದನೆಯ ಇಯತ್ತೆಯವರೆಗೆ ಓದಿದ ಉರ್ದು ಶಾಲೆಯಲ್ಲಿ ‘ಪರ್ದೇಸಿ’ ಎಂದರೆ ಬೇರೆಯೇ ಬಣ್ಣ; ಅದರಲ್ಲಿ ವಿರಹ, ಹಾಡು, ಕಾಯುವ ಹೆಣ್ಣು ಎಲ್ಲ ಇವೆ. ನೆರೆಯವನಿಗೆ ಉರ್ದುವಿನ ಮಾತು ‘ಹಮ್‌ಸಾಯಾ’. ಒಂದೇ ನೆರಳನ್ನು ಹಂಚಿಕೊಂಡವನು ಎಂದು ಅರ್ಥ. ನಿನ್ನ ಗೋಡೆಯ ನೆರಳು ನನ್ನ ಅಂಗಳದಲ್ಲಿ ಬೀಳುತ್ತದೆ, ಆದ್ದರಿಂದ ನೀನು ನನ್ನವನು. ಕನ್ನಡದ ‘ನೆರೆ’ಯಾದರೋ ಪಕ್ಕದವರಿಗೂ ಪ್ರವಾಹಕ್ಕೂ ಒಂದೇ ಪದ. ಪಕ್ಕದ ಮನೆಯವರು ನುಗ್ಗಿ ಬರುವ ರೀತಿ ನೋಡಿದರೆ ಅದೂ ಸರಿಯೇ!

ಈ ಊರಿನ ಹೆಸರುಗಳನ್ನೇ ನೋಡಿ. ಮೊದಲು ಇದು ಹಿರೋಡೆ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬುಡದಲ್ಲಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ರೈಲ್ವೆ ನಿಲ್ದಾಣಕ್ಕೂ ಬಹಳ ಕಾಲ ಅದೇ ಹೆಸರಿತ್ತು. ಆಮೇಲೆ ಪಾಂಡವಪುರವಾಯಿತು. ಫ್ರೆಂಚರ ಹೆಸರು ಅಳಿಸಿ ಇಟ್ಟ ಹೆಸರೂ ಊರ ಒಕ್ಕಲಿನದಲ್ಲ. ವನವಾಸದಲ್ಲಿ ಅಲೆಯುತ್ತ ಬಂದು ಕೆಲ ಕಾಲ ತಂಗಿದ್ದರೆನ್ನುವ ಐವರು ಮಕ್ಕಳದು. ಊರಿಗೆ ಕಾವಲಿನಂತಿರುವ ಬೆಟ್ಟಕ್ಕೆ ಅವರ ತಾಯಿಯ ಹೆಸರು, ಕುಂತಿಬೆಟ್ಟ. ಅಲ್ಲಿಂದ ಸ್ವಲ್ಪ ದೂರದ ತೊಣ್ಣೂರಿನಲ್ಲಿ ರಾಮಾನುಜಾಚಾರ್ಯರು ತಂಗಿದ್ದರು. ಚೋಳನಾಡಿನ ಕಾಟ ತಾಳದೆ ಬಂದವರು ಎಂದು ಪರಂಪರೆ ಹೇಳುತ್ತದೆ. ತೊಣ್ಣೂರಿನ ಆ ತಿಳಿನೀರಿನ ಕೆರೆಗೆ ‘ಮೋತಿ ತಾಲಾಬ್’ ಎಂಬ ಹೆಸರಿಟ್ಟವನೂ ಹೈದರಾಬಾದಿನ ಕಡೆಯಿಂದ ಬಂದ ನಾಸಿರ್ ಜಂಗ್. ಮೇಲುಕೋಟೆ ಇದೇ ತಾಲ್ಲೂಕಿನದು. ಅಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಇದ್ದಾಳೆ. ವಿಗ್ರಹದ ಮೇಲಿನ ಪ್ರೀತಿಯಿಂದ ದಿಲ್ಲಿಯಿಂದ ಹಿಂಬಾಲಿಸಿ ಬಂದ ಸುಲ್ತಾನನ ಮಗಳೆಂದು ಐತಿಹ್ಯ. ಶ್ರೀರಂಗದ ದೇವಾಲಯದಲ್ಲಿಯೂ ಅವಳಿಗೊಂದು ಜಾಗವಿದೆ. ಅಲ್ಲಿನ ಒಂದು ಪದ್ಧತಿ ತಿಳಿದಂದಿನಿಂದ ನಮಗೆ ಆ ದೇವಾಲಯದ ಬಗ್ಗೆ ಏನೋ ಸಲುಗೆ. ಅನ್ನದ ನಾಡಿನ ನಡುವೆ, ಆ ತುರುಕ ಹೆಣ್ಣುಮಗಳಿಗಾಗಿ ನೈವೇದ್ಯಕ್ಕೆ ರೊಟ್ಟಿ ಮಾಡುತ್ತಾರೆ. ಐತಿಹ್ಯ ನಿಜವೋ ಸುಳ್ಳೋ ಇತಿಹಾಸಕಾರರು ನೋಡಿಕೊಳ್ಳಲಿ. ‘ದೂರದಿಂದ ಬಂದ ಹುಡುಗಿ, ಅವಳಿಗೆ ಅನ್ನ ಸೇರಲಿಕ್ಕಿಲ್ಲ, ಒಂದು ರೊಟ್ಟಿ ಸುಡಿ’ ಎಂದು ಯಾವುದೋ ಕಾಲದ ಯಾವನೋ ಅಡುಗೆಯವನಿಗೆ ಹೊಳೆದದ್ದಂತೂ ನಿಜ.

ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಕೆಳಗೆ ಸಂಜೆ ಏನು ತಿನ್ನುತ್ತಿದ್ದರು? ಅವರ ತೋಪುಗಳ ಲೆಕ್ಕವಿಡಲು ಬೇಕಾದಷ್ಟು ಜನರಿದ್ದರು, ಅವರ ಸಾರಿನ ಲೆಕ್ಕ ಹೇಳಿದವರನ್ನು ನಾವು ಓದಿಲ್ಲ. ಯಾವ ಹಿರೋಡೆಯ ಅಜ್ಜಿ ಅವರಿಗೆ ‘ಅಗೀಬ್ಯಾಡಿ, ನುಂಗಿ’ ಎಂದಳೋ.

ಹಾಗೆ ನೋಡಿದರೆ ಅಜ್ಜಿಯ ತಟ್ಟೆಯಲ್ಲಿದ್ದವರೆಲ್ಲ ಹಳೆಯ ವಲಸೆಗಾರರೇ. ರಾಗಿ ಹುಟ್ಟಿದ್ದು ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ; ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂತು. ಅಲ್ಲಿನ ಜನ ಇಂದಿಗೂ ರಾಗಿ ಹಿಟ್ಟನ್ನು ಕುದಿನೀರಿನಲ್ಲಿ ತೊಳಸಿ ಮುದ್ದೆ ಕಟ್ಟಿ, ಕೈಯಿಂದ ಮುರಿದು, ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಬಸ್ಸಾರಿನ ಮೆಣಸಿನಕಾಯಿ ಮೆಕ್ಸಿಕೊ ದೇಶದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದ ಈ ಕಾಯಿಗೆ ಕನ್ನಡಿಗರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗದೆ ತಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮನೆಯೊಳಗೆ ಕರೆದುಕೊಂಡರು. ಟೊಮೆಟೊ ಎಂಬ ಮಾತೇ ಮೆಕ್ಸಿಕೊದ ಮೂಲನಿವಾಸಿಗಳ ಭಾಷೆಯಿಂದ ಬಂದದ್ದು. ಅವರ ಮುಖ್ಯ ಧಾನ್ಯವನ್ನು ನಾವು ಮೆಕ್ಕೆಜೋಳ ಎನ್ನುತ್ತೇವೆ. ಮಕ್ಕಾ ಕಡೆಯಿಂದ ಬಂದಿರಬೇಕೆಂದುಕೊಂಡು ಜನ ಆ ಹೆಸರಿಟ್ಟರು ಎನ್ನುವವರಿದ್ದಾರೆ. ಹಾಗಿದ್ದರೆ ಮೆಕ್ಸಿಕೊದ ಈ ಕಾಳು ಹಜ್ ಮಾಡದೆಯೇ ಹಾಜಿಯಾದಂತಾಯಿತು! ಆ ದೇಶದಲ್ಲಿ ದೊಡ್ಡ ಊಟ ಮಧ್ಯಾಹ್ನ ಎರಡು ಮೂರು ಗಂಟೆಯ ಹೊತ್ತಿಗೆ. ಸಂಜೆಗೆ ಹಗುರ: ಬೇಯಿಸಿದ ಕಾಳು, ಮೆಕ್ಕೆಜೋಳದ ತೆಳು ರೊಟ್ಟಿ, ಇಲ್ಲವೇ ನಮ್ಮ ಅಂಬಲಿಯಂಥ ಬಿಸಿ ಗಂಜಿ. ಅಲ್ಲಿ ಉಣ್ಣುತ್ತಿರುವವರ ಪಕ್ಕ ಹಾದುಹೋಗುವಾಗ, ಗುರುತು ಪರಿಚಯವಿಲ್ಲದಿದ್ದರೂ, ಉಂಡದ್ದು ಮೈಗೆ ಹತ್ತಲಿ ಎಂಬರ್ಥದ ಒಂದು ಮಾತು ಹೇಳಿಯೇ ಹೋಗುತ್ತಾರಂತೆ. ಹೊರದೇಶದಿಂದ ಹೋಗಿ ನೆಲೆಸಿದವರಿಗೆ ಆ ಒಂದು ಮಾತೇ ಮೊದಲು ಬಾಯಿಗೆ ಬರುತ್ತದೆಂದು ಓದಿದಾಗ ನಮಗೆ ನಮ್ಮ ಓಣಿಯ ‘ಉಂಡ್ರಾ’ ನೆನಪಾಯಿತು.

ಇಷ್ಟೆಲ್ಲ ಹೇಳಿ, ನೋಡಿದಿರಾ, ಎಲ್ಲರೂ ವಲಸಿಗರೇ, ಎಲ್ಲ ಸಾರೂ ಒಂದೇ ಎಂದು ಮುಗಿಸಿಬಿಟ್ಟರೆ ಸಲೀಸು. ಸೌಹಾರ್ದದ ಸಭೆಗಳಲ್ಲಿ ನಾವೂ ಅಂಥ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇವೆ. ಆದರೆ ಮೆಣಸಿನಕಾಯಿಯನ್ನು ಒಳಗೆ ಬಿಟ್ಟುಕೊಂಡವರು ಮನುಷ್ಯನನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆಂದು ಎಲ್ಲಿದೆ? ಕಾಯಿಗೆ ಜಾತಿಯಿಲ್ಲ, ಅದು ಬಾಡಿಗೆಗೆ ಮನೆ ಕೇಳುವುದಿಲ್ಲ.

ನಮಗಿರುವ ಪ್ರಶ್ನೆ ಇದಕ್ಕಿಂತ ಇಕ್ಕಟ್ಟಿನದು. ಹಬ್ಬದ ದಿನ ಕೊಟ್ಟು ತೆಗೆದುಕೊಳ್ಳುವುದನ್ನು ಎಲ್ಲರೂ ಕೊಂಡಾಡುತ್ತಾರೆ. ಈದ್‌ಗೆ ಅವರು ಬಂದರು, ಯುಗಾದಿಗೆ ಇವರು ಹೋದರು ಎಂದು ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನಮ್ಮ ಶೀರ್ ಖುರ್ಮಾ, ಅವರ ಹೋಳಿಗೆ. ಒಳ್ಳೆಯದೇ, ಬೇಡವೆಂದವರು ಯಾರು? ಆದರೆ ಹಬ್ಬದಲ್ಲಿ ಮನೆ ಬಾಗಿಲು ಮೊದಲೇ ತೆರೆದಿರುತ್ತದೆ, ಅಂದು ಅಡುಗೆ ಹತ್ತು ಜನ ನೋಡಲೆಂದೇ ಆಗಿರುತ್ತದೆ. ಬಂದವರೂ ಹೊಸ ಬಟ್ಟೆ ತೊಟ್ಟಿರುತ್ತಾರೆ. ಒಂದು ಮಾಮೂಲಿ ಮಂಗಳವಾರ ಸಂಜೆ, ನಿನ್ನೆಯ ಹುರುಳಿ ಕಟ್ಟಿಗೆ ಒಗ್ಗರಣೆ ಹಾಕಿ ಸಾರೆಂದು ಕರೆಯುವಾಗ, ಹಳೆ ಸೀರೆಯಲ್ಲಿ, ಮಕ್ಕಳನ್ನು ಬೈಯುತ್ತಿರುವಾಗ ಬಾಗಿಲಲ್ಲಿ ನಿಂತವರನ್ನು ‘ಬನ್ನಿ ಉಣ್ಣಿ’ ಎನ್ನಲು ಬೇರೆಯೇ ಧೈರ್ಯ ಬೇಕು. ಬಂದವರಿಗೆ ಅದನ್ನು ಉಣ್ಣಲು ಇನ್ನೂ ಹೆಚ್ಚಿನದು ಬೇಕು. ನೆರೆಯವರ ಬಗ್ಗೆ ಪ್ರವಾದಿಯವರು ಸಂಗಾತಿಯೊಬ್ಬರಿಗೆ ಹೇಳಿದ ಒಂದು ಮಾತನ್ನು ನಾವು ಮದರಸಾದಲ್ಲಿ ಕಲಿತಿದ್ದೆವು. ಅದರಲ್ಲಿ ಬಿರಿಯಾನಿಯ ಸುದ್ದಿ ಇಲ್ಲ. ಇರುವುದು ಸಾರಿನ ಸುದ್ದಿ. ಸಾರು ಮಾಡುವಾಗ ನೀರು ಕೊಂಚ ಹೆಚ್ಚು ಹಾಕಿ ನೆರೆಮನೆಯ ಕಡೆಗೂ ಗಮನವಿಡು ಎಂಬುದು ಅದರ ತಾತ್ಪರ್ಯ. ಚಿಕ್ಕಂದಿನಲ್ಲಿ ನಮಗೆ ಇದು ಬಡವರ ಉಪಾಯದಂತೆ ಕಂಡಿತ್ತು. ನೀರು ಹೆಚ್ಚಾದರೆ ರುಚಿ ಕೆಡುತ್ತದಲ್ಲವೇ? ಕೆಡುತ್ತದೆ. ನಮ್ಮ ನಾಲಗೆಗೆ ಅಷ್ಟು ನಷ್ಟವಾಗದೆ ನೆರೆಮನೆಗೆ ಬಟ್ಟಲು ಹೋಗುವುದಿಲ್ಲ.

ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಎಂಬ ತತ್ವಜ್ಞಾನಿ 1795ರಲ್ಲಿ, ಅಂದರೆ ಇಲ್ಲಿಗೆ ಕೂಗಳತೆಯ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಇನ್ನೂ ಬದುಕಿದ್ದಾಗ, ಜಗತ್ತಿನಲ್ಲಿ ಶಾಶ್ವತ ಶಾಂತಿ ನೆಲೆಸುವುದು ಹೇಗೆಂದು ಬರೆದ. ಪರದೇಶಿಗೆ ಒಂದು ಹಕ್ಕಿದೆ ಎಂದ: ಇನ್ನೊಬ್ಬರ ನೆಲದಲ್ಲಿ ಕಾಲಿಟ್ಟ ಮಾತ್ರಕ್ಕೆ ಅವನನ್ನು ಶತ್ರುವಿನಂತೆ ಕಾಣಕೂಡದು. ಭೂಮಿ ಗುಂಡಗಿದೆ, ಜನ ಒಬ್ಬರಿಂದೊಬ್ಬರು ಕೊನೆಯಿಲ್ಲದೆ ದೂರ ಸರಿಯುತ್ತ ಹೋಗಲಾರರು, ಹೇಗಾದರೂ ಜೊತೆಗೆ ಬಾಳಲೇಬೇಕು ಎಂಬುದು ಅವನ ವಾದ. ಆದರೆ ಬಂದವನಿಗೆ ಭೇಟಿಯ ಹಕ್ಕು ಉಂಟೇ ಹೊರತು ಅತಿಥಿಯಾಗಿ ಮನೆಯೊಳಗೆ ಉಳಿಯುವ ಹಕ್ಕಿಲ್ಲ, ಅದಕ್ಕೆ ಬೇರೆ ಒಪ್ಪಂದ ಬೇಕು ಎಂದೂ ಹೇಳಿದ. ಕಾನೂನಿನ ಮಾತಾಗಿ ಇದು ದೊಡ್ಡದು. ಇಂದಿಗೂ ಜಗತ್ತು ಅಷ್ಟನ್ನೂ ನಡೆಸಿಕೊಟ್ಟಿಲ್ಲ. ಆದರೆ ಕಾಂಟನ ಹಕ್ಕು ಹೊಸ್ತಿಲಲ್ಲಿ ನಿಲ್ಲುತ್ತದೆ. ಒಳಗೆ ಸಾರು ಕುದಿಯುತ್ತಿದೆ. ಅದು ಯಾರ ಹಕ್ಕೂ ಅಲ್ಲ, ಯಾರೂ ಕೇಳಿ ಪಡೆಯಲಾರರು. ಹಕ್ಕಲ್ಲದ್ದನ್ನು ಕೊಡದಿದ್ದರೆ ತಪ್ಪಾಗುತ್ತದೆಯೇ?

ಅಜ್ಜಿಯ ವಿಷಯಕ್ಕೆ ಬರುತ್ತೇವೆ. ಅವರು ಈಗಿಲ್ಲ, ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ. ವಾರಕ್ಕೆರಡು ಸಲವಾದರೂ ಅವರ ಮನೆಯ ಬಟ್ಟಲು ಗೋಡೆ ದಾಟಿ ನಮ್ಮ ಕಡೆ ಬರುತ್ತಿತ್ತು. ಮಸ್ಸೊಪ್ಪು, ಅವರೆಕಾಳಿನ ಸಾರು, ಉಪ್ಸಾರು. ಖಾಲಿ ಬಟ್ಟಲು ಹಿಂದಿರುಗಿಸಬಾರದೆಂಬುದು ನಮ್ಮ ತಾಯಿಯ ಪಾಠ. ಮೊದಮೊದಲು ನಾವು ಎಣ್ಣೆಗಾಯಿ ಪಲ್ಯವನ್ನೋ ಝುಣಕವನ್ನೋ ತುಂಬಿ ಕೊಟ್ಟೆವು. ಅಜ್ಜಿ ನಗುತ್ತಲೇ ಪಡೆದರು. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಗಹಾಕುವಾಗ ನಮ್ಮ ಎಣ್ಣೆಗಾಯಿ ಅವರ ಎಮ್ಮೆಯ ಬಾನಿಗೆ ಬೀಳುವುದನ್ನು ಕಂಡೆವು. ಆಮೇಲೆ ಬೇಯಿಸಿದ್ದನ್ನು ಕೊಡಲಿಲ್ಲ. ಬಾಳೆಹಣ್ಣು, ಸಕ್ಕರೆ, ಊರಿನಿಂದ ತಂದ ಶೇಂಗಾ ಕೊಟ್ಟೆವು. ಅವನ್ನು ಅಜ್ಜಿ ಸಂತೋಷದಿಂದ ತಿಂದರು. ಇಬ್ಬರೂ ಈ ಬಗ್ಗೆ ಒಂದಕ್ಷರ ಆಡಲಿಲ್ಲ. ಸಾರು ಬರುವುದು ನಿಲ್ಲಲಿಲ್ಲ.

ನೋವಾಗಲಿಲ್ಲವೆಂದರೆ ಸುಳ್ಳು. ಕೊಡುವವರು ಮೇಲೆ, ಪಡೆಯುವವರು ಕೆಳಗೆ. ಎರಡೂ ಕಡೆಗೆ ಹರಿಯದ ಪ್ರೀತಿ ಕರುಣೆಯೇ ಹೊರತು ನೆರೆತನವಲ್ಲ ಎಂದು ರಾತ್ರಿ ಮನೆಯವರೊಡನೆ ವಾದಿಸಿದೆವು. ಅವರು ಮಾತು ಕಡಿಮೆಯ ಮನುಷ್ಯ. ‘ಹೋದ ತಿಂಗಳು ಅವರು ಮಾರಿಹಬ್ಬದ ಬಾಡಿನ ಸಾರು ಕಳಿಸಿದಾಗ ನೀ ಏನ್ ಮಾಡಿದಿ?’ ಎಂದರು. ನಾವು ಪಡೆದಿರಲಿಲ್ಲ. ಹಲಾಲ್ ಅಲ್ಲವಲ್ಲ. ‘ನಮಗೆ ಆಗೂದಿಲ್ರೀ ಅಜ್ಜಿ’ ಎಂದು ಬಾಗಿಲಲ್ಲೇ ಹೇಳಿದ್ದೆವು. ಅಜ್ಜಿ ‘ಅಯ್ಯೋ ಮರ್ತೇಬುಟ್ಟೆ ಕನ, ನಿಮ್ ಸಾಸ್ತ್ರ ನಿಮ್ಗೆ’ ಎಂದು ತಿರುಗಿ ಹೋಗಿ, ಅರ್ಧ ಗಂಟೆಯಲ್ಲಿ ಸೊಪ್ಪಿನ ಸಾರು ತಂದಿದ್ದರು. ನಮ್ಮ ನಿರಾಕರಣೆ ನಮಗೆ ಧರ್ಮ, ಅವರದು ಅವಮಾನ. ನಮ್ಮ ತಕ್ಕಡಿಗೆ ಎರಡು ಬಗೆಯ ತೂಕದ ಕಲ್ಲುಗಳು. ಎರಡೂ ಒಂದೇ ಅಲ್ಲ ಎಂದು ಈಗಲೂ ನಮಗೆ ಅನ್ನಿಸುತ್ತದೆ: ನಾವು ಬೇಡವೆಂದದ್ದು ಆ ಮಾಂಸವನ್ನು, ಅವರು ಬೇಡವೆಂದದ್ದು ನಮ್ಮ ಕೈಯನ್ನು. ಆದರೆ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತವರಿಗೆ ಆ ವ್ಯತ್ಯಾಸ ಎಷ್ಟು ಕಾಣುತ್ತದೆ?

ತಟ್ಟೆಯ ವಿಷಯದಲ್ಲಿ ಸಾರ್ವಜನಿಕವಾಗಿಯೂ ನಮಗೆ ಗೊಂದಲವೇ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಪುಸ್ತಕಗಳಿಗಿಂತ ಬಾಡೂಟದ ಬಗ್ಗೆಯೇ ಹೆಚ್ಚು ಚರ್ಚೆಯಾಯಿತು. ಈ ಜಿಲ್ಲೆಯ ಜನ ಮನೆಯಲ್ಲಿ ಉಣ್ಣುವುದನ್ನು ನುಡಿಹಬ್ಬದ ಪಂಕ್ತಿಯಲ್ಲಿ ಬಡಿಸಿದರೆ ಏನು ತಪ್ಪು ಎಂಬುದು ಬೇಡಿಕೆಯ ಹಿಂದಿನ ಪ್ರಶ್ನೆ. ಯಾರೂ ಹುಡುಗಾಟಕ್ಕೆ ಕೇಳಿದ್ದಲ್ಲ ಅದು.

2013ರ ಬೇಸಿಗೆಯಲ್ಲಿ ಅಜ್ಜಿಯ ಸೊಸೆ ಬಾಣಂತನಕ್ಕೆ ತವರಿಗೆ ಹೋದಳು, ಮಗ ಲಾರಿಯ ಜೊತೆ ಹೊರಗಿದ್ದ. ಅಜ್ಜಿಯ ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಸಂಜೆ ಮಗ್ರಿಬ್ ನಮಾಜ್ ಮುಗಿಸಿ ಎದ್ದರೆ ಅಜ್ಜಿ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಮಡಿಲಲ್ಲಿ ದಂಟಿನ ಸೊಪ್ಪು, ಕೈಯಲ್ಲಿ ಮುದ್ದೆ ಕೋಲು. ‘ವಸಿ ಒಲೆ ಬುಟ್ಕೊಡು ಮಗಾ’ ಎಂದರು. ನಮ್ಮ ಪಾತ್ರೆ ತೊಳೆದರು. ನಮ್ಮ ಕೊಡದ ನೀರಲ್ಲಿ ಎಸರಿಟ್ಟರು. ನಮ್ಮ ಉಪ್ಪು, ನಮ್ಮ ಬೆಳ್ಳುಳ್ಳಿ, ನಮ್ಮ ಒಣಮೆಣಸಿನಕಾಯಿ. ಉಪ್ಸಾರು ಮಾಡಿ, ಖಾರ ಅರೆದು, ಮುದ್ದೆ ಕಟ್ಟಿ, ನಮಗೂ ಮನೆಯವರಿಗೂ ಬಡಿಸಿ, ತಾವೂ ನಮ್ಮ ತಟ್ಟೆಯಲ್ಲೇ ಹಾಕಿಕೊಂಡು ನಮ್ಮ ಎದುರು ಕುಳಿತು ಉಂಡರು. ನಾಲ್ಕು ದಿನ ಹೀಗೆಯೇ ನಡೆಯಿತು. ನಾವು ಸೌಟು ಮುಟ್ಟಲು ಹೋದರೆ ‘ನೀ ಕೂತ್ಕೋ, ಆಯಾಸ ಆಗಿರ್ತದೆ’ ಎನ್ನುತ್ತಿದ್ದರು.

ಇದನ್ನು ಏನೆನ್ನುವುದು? ನಮ್ಮ ಮನೆಯವರು ಇವತ್ತಿಗೂ ಅದನ್ನು ಅಜ್ಜಿಯ ದೊಡ್ಡತನ ಎನ್ನುತ್ತಾರೆ. ಎಂಬತ್ತರ ಹತ್ತಿರದ ಹೆಂಗಸು ಅಷ್ಟು ದೂರ ನಡೆದು ಬಂದಳಲ್ಲ ಎಂದು. ನಮ್ಮ ಒಲೆ, ನಮ್ಮ ಉಪ್ಪು ಆಗುತ್ತದೆ, ನಮ್ಮ ಕೈ ಮಾತ್ರ ಆಗುವುದಿಲ್ಲವೆಂದರೆ ಅದು ಇನ್ನೂ ಚೂಪಾದ ಮಾತಲ್ಲವೇ ಎಂದು ನಾವು. ಉರ್ದುವಿನಲ್ಲಿಯೂ ಕನ್ನಡದಲ್ಲಿಯೂ ಉಪ್ಪಿನ ಋಣವೇ ದೊಡ್ಡದು; ಆ ಲೆಕ್ಕದಲ್ಲಿ ಅಜ್ಜಿ ನಮ್ಮ ಉಪ್ಪು ತಿಂದರು. ಹದಿಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ಈ ವಾದ ಇತ್ಯರ್ಥವಾಗಿಲ್ಲ. ಖಾಲಾ ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ್ದರು: ‘ನಿನ್ನ ಕೈಯ ಉಪ್ಸಾರು ಯಾರೂ ತಿನ್ನೋ ಹಾಗಿರಲ್ಲ, ಮುದುಕಿಗೆ ಅದು ಗೊತ್ತು.’

ಕುಂತಿಬೆಟ್ಟ ನಮ್ಮ ಮಾಳಿಗೆಯಿಂದ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ನಮಗೆ ಏಕಚಕ್ರನಗರದ ಕತೆ ನೆನಪಾಗುತ್ತದೆ. ಅಲ್ಲಿ ಒಬ್ಬ ಬ್ರಾಹ್ಮಣನ ಮನೆಯಲ್ಲಿ ಕುಂತಿ ಮಕ್ಕಳೊಂದಿಗೆ ಗುರುತು ಮರೆಸಿಕೊಂಡು ಇದ್ದಳು. ಮಕ್ಕಳು ಸಂಜೆ ಭಿಕ್ಷೆ ತಂದರೆ ಅರ್ಧ ಭೀಮನಿಗೆ, ಉಳಿದರ್ಧ ಮಿಕ್ಕ ಎಲ್ಲರಿಗೆ. ಒಂದು ದಿನ ಮನೆಯೊಡೆಯರ ಕಡೆಯಿಂದ ಅಳುವ ಸದ್ದು ಕೇಳಿತು. ಬಕಾಸುರನಿಗೆ ಬಂಡಿ ಅನ್ನದೊಂದಿಗೆ ಮನುಷ್ಯನನ್ನು ಕಳಿಸುವ ಸರದಿ ಆ ಮನೆಗೆ ಬಂದಿತ್ತು. ಕುಂತಿ ಎದ್ದುಹೋಗಿ ಏನೆಂದು ಕೇಳಿದಳು, ಮಗನನ್ನು ಕಳಿಸುವೆನೆಂದಳು. ಎಲ್ಲರೂ ಭೀಮನ ಬಲವನ್ನೂ, ದಾರಿಯಲ್ಲಿ ಅವನು ಅನ್ನವನ್ನೆಲ್ಲ ತಾನೇ ಉಂಡದ್ದನ್ನೂ ಹೇಳಿ ನಗುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಅದಕ್ಕೂ ಮೊದಲಿನ ಕ್ಷಣ. ಅಡಗಿಕೊಂಡಿರುವ ಪರದೇಶಿ ಹೆಣ್ಣು; ಗುರುತು ಸಿಕ್ಕರೆ ಅಪಾಯ. ಸದ್ದು ಕೇಳಿಸಲೇ ಇಲ್ಲ ಎಂಬಂತೆ ಇದ್ದುಬಿಡಬಹುದಿತ್ತು.

ಇದನ್ನು ಬರೆಯಲು ಕಾರಣವಾದ ಸಂಗತಿ ಇನ್ನು ಹೇಳಲೇಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಇದು ಕಬ್ಬಿನ ಸೀಮೆ, ಆಲೆಮನೆಗಳ ಸೀಮೆ. ಈಗ ಬಹಳಷ್ಟು ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲ ಕಾಯಿಸುವವರು ಉತ್ತರ ಪ್ರದೇಶದ ಕಡೆಯ ಹುಡುಗರು. ನಮ್ಮ ಓಣಿಯ ಹಿಂದಿನ ಗದ್ದೆಯಾಚೆಗೂ ಒಂದು ಆಲೆಮನೆ. 2018ರ ಚಳಿಗಾಲದ ಒಂದು ಸಂಜೆ ಜಗಲಿಯ ಮೇಲೆ ಅಜ್ಜಿ, ಎದುರುಮನೆಯ ಅಕ್ಕ, ನಾವು ಅವರೆಕಾಯಿ ಸುಲಿಯುತ್ತ ಕುಳಿತಿದ್ದೆವು. ಆ ವಾರ ಯಾರದೋ ಪಂಪಿನ ಮೋಟರು ಕಳುವಾಗಿ, ‘ಹಿಂದಿಯೋರು’ ಎಂಬ ಗುಸುಗುಸು ಓಣಿಯಲ್ಲಿ ಹರಡಿತ್ತು. ಅಷ್ಟರಲ್ಲಿ ಇಬ್ಬರು ಹುಡುಗರು ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಬೆಲ್ಲದ ಹೊಗೆಗೆ ಕಪ್ಪಾದ ಅಂಗಿಗಳು. ಒಬ್ಬ ಅಳುಕುತ್ತ ಕೇಳಿದ: ‘ಭಾಭೀ, ಏಕ್ ತವಾ ಮಿಲೇಗಾ ಆಜ್ ರಾತ್ ಕೇ ಲಿಯೇ?’ ಅವರ ರೊಟ್ಟಿ ಹಂಚು ಒಡೆದಿತ್ತು. ಇದು ಉರ್ದು ಮಾತಾಡುವವರ ಮನೆ ಎಂದು ಯಾರೋ ಹೇಳಿ ಕಳಿಸಿದ್ದರು.

ನಾವು ತಲೆಯೆತ್ತಿ, ಹತ್ತು ವರ್ಷದಲ್ಲಿ ಕಷ್ಟಪಟ್ಟು ಕಲಿತ ಅಪ್ಪಟ ಮಂ‌ಡ್ಯದ ಕನ್ನಡದಲ್ಲಿ, ‘ಏನ್ ಬೇಕ್ರಪ್ಪಾ? ಕನ್ನಡದಲ್ಲಿ ಯೋಳಿ’ ಎಂದೆವು.

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕೈಯಲ್ಲಿ ತಟ್ಟುವ ಸನ್ನೆ ಮಾಡಿದರು. ನಾವು ಸುಮ್ಮನಿದ್ದೆವು. ಹೊರಟುಹೋದರು.

‘ಏನಂತವ್ವ ಅವು?’ ಎಂದರು ಅಜ್ಜಿ. ಗೊತ್ತಾಗಲಿಲ್ಲ ಎಂದೆವು. ಅಜ್ಜಿ ಕಾಯಿ ಸುಲಿಯುವುದನ್ನು ನಿಲ್ಲಿಸಿ ನಮ್ಮ ಮುಖ ನೋಡಿದರು. ‘ಅದು ನಿಮ್ ಮಾತೇ ಅಲ್ವಾ?’

ನಾವು ಪೂರ್ತಿಯಾಗಿ ಪಾಂಡವಪುರದವರಾದದ್ದು ಆ ಸಂಜೆ. ಒಳಗಿನವರು ಹೊರಗಿನವರನ್ನು ನೋಡುವಂತೆ ನೋಡಲು ಕಲಿತಿದ್ದೆವು. ನಮ್ಮನ್ನು ಯಾರೂ ‘ಹಿಂದಿಯೋರು’ ಎಂದು ಕರೆದಿರಲಿಲ್ಲ, ಕರೆಯಬಹುದೆಂಬ ಹೆದರಿಕೆಯಷ್ಟೇ ಸಾಕಾಯಿತು. ಅಂದು ರಾತ್ರಿ ಅಜ್ಜಿ ಮೊಮ್ಮಗನ ಕೈಯಲ್ಲಿ ಒಂದು ಡಬರಿ ಸಾರು, ನಾಲ್ಕು ಮುದ್ದೆ ಆಲೆಮನೆಗೆ ಕಳಿಸಿದರು. ‘ವಟ್ಟೆ ವಿಸ್ಯ ಅನ್ನೋದು ಕೈಸನ್ನೆಲೇ ಗೊತ್ತಾಯ್ತದೆ’ ಎಂದಷ್ಟೇ ಹೇಳಿದರು. ಹುಡುಗ ಬಂದು ವರದಿ ಒಪ್ಪಿಸಿದ: ‘ಅಗ್ದೂ ಅಗ್ದೂ ತಿಂದ್ರು ಕನಜ್ಜಿ, ಗಂಟ್ಲಿಗೇ ಇಳೀನಿಲ್ಲ!’ ಬೆಳಿಗ್ಗೆ ಡಬರಿ ತೊಳೆದು ಹಿಂದಿರುಗಿತ್ತು. ಒಳಗೆ ಒಂದು ಅಚ್ಚು ಬೆಲ್ಲವಿತ್ತು. ಅಜ್ಜಿ ಅದನ್ನು ಮುರಿದು ಬಾಯಿಗೆ ಹಾಕಿಕೊಂಡದ್ದನ್ನು ನಾವು ಗೋಡೆಯ ಈಚೆಯಿಂದ ನೋಡಿದೆವು.

ಮೂರನೆಯ ದಿನ ಬಿಜಾಪುರದಿಂದ ತಂದಿದ್ದ ಹಂಚು ಹಿಡಿದು ನಾವೂ ಮನೆಯವರೂ ಗದ್ದೆಯ ಬದುವಿನ ಮೇಲೆ ನಡೆದು ಹೋದೆವು. ಹಂಚು ಅವರಿಗೆ ಬೇಕಿರಲಿಲ್ಲ, ಅಂಗಡಿಯಿಂದ ತಂದಾಗಿತ್ತು. ನಾವು ಉರ್ದುವಿನಲ್ಲಿ ಮಾತಾಡಿದೆವು. ಹುಡುಗರು ಏನೂ ಕೇಳಲಿಲ್ಲ; ಅಂದು ಯಾಕೆ ಹಾಗೆ ಎಂದು ಕೇಳಿದ್ದರೆ ಹಗುರವಾಗುತ್ತಿತ್ತೇನೋ. ಗೋಣಿಚೀಲ ಹಾಸಿ ಕೂರಿಸಿದರು. ಕಬ್ಬಿನ ಸಿಪ್ಪೆಯ ಉರಿಯ ಮೇಲೆ ಆಲೂಗಡ್ಡೆಯ ಸಾರು ಕುದಿಯುತ್ತಿತ್ತು. ನಾವು ಕುಳಿತದ್ದನ್ನು ನೋಡಿ ಚಿಕ್ಕವನು ಒಂದು ಲೋಟ ನೀರು ತಂದು ಅದಕ್ಕೆ ಸುರಿದ. ‘ನೀವು ಯಾವೂರಿನವರು?’ ಎಂದು ಅವರ ಮಾತಿನಲ್ಲಿ ದೊಡ್ಡವನು ಕೇಳಿದ. ಇದೇ ಊರು ಎಂದೆವು. ‘ಅಲ್ಲ, ಅಸಲಿಗೆ?’ ಎಂದ. ನಮ್ಮ ಮನೆಯವರು ನಕ್ಕುಬಿಟ್ಟರು.

ಉಂಡು ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಗೋಡೆಯಾಚೆ ಅಜ್ಜಿ ಇನ್ನೂ ಎಚ್ಚರವಿದ್ದರು.

‘ಉಂಡ್ರಾ?’

‘ಉಂಡ್ವಿ ಅಜ್ಜಿ.’

‘ಏನ್ ಸಾರು ಅವರ್ದು?’

‘ಆಲೂಗಡ್ಡೆದು. ವಸಿ ನೀರು ಜಾಸ್ತಿ.’